ಹತ್ತು ಸೆಂಟಿನ ವೀರರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಕ್ಕಳು ಹತ್ತು ಸೆಂಟು ಕೊಟ್ಟರೆ ಸಾಕು, ಒಂದೇ ಕಾಮಿಕ್ಸ್ ಪುಸ್ತಕದಲ್ಲಿ ಹಲವು ಅತಿಮಾನವ ವೀರರು ಸಿಗುತ್ತಿದ್ದರು. 'ಆಲ್ ಸ್ಟಾರ್ ಕಾಮಿಕ್ಸ್' ಅಂಥದೊಂದು. ವೀರರು ಮೊದಲು ಮೇಜಿನ ಸುತ್ತ ಸಭೆ ಸೇರುವರು, ಬಳಿಕ ತಮ್ಮ ತಮ್ಮ ಅಧ್ಯಾಯಕ್ಕೆ ಹೊರಡುವರು. ಚಿತ್ರಕಾರರೂ ಬೇರೆ ಬೇರೆ. ಪುಟ ತಿರುವಿದರೆ ಲೋಕವೇ ಬದಲಾದಂತೆ! 1942ರಲ್ಲಿ ಈ ವೀರರ ಸಂಘಕ್ಕೆ ಬಂದ ವಂಡರ್ ವುಮನ್‌ಗೆ ಸಿಕ್ಕಿದ್ದು ಮಾತ್ರ ಕಾರ್ಯದರ್ಶಿಯ ಕೆಲಸ.

ಇಂಥ ಪುಸ್ತಕಗಳಲ್ಲಿ ಧೈರ್ಯವೂ ಇತ್ತು. ಅಮೆರಿಕ ಯುದ್ಧಕ್ಕಿಳಿಯುವ ಒಂದು ವರ್ಷ ಮೊದಲೇ, 1940ರ ಡಿಸೆಂಬರಿನಲ್ಲಿ, ಜೋ ಸೈಮನ್ ಮತ್ತು ಜಾಕ್ ಕರ್ಬಿ ಎಂಬ ಯಹೂದಿ ತರುಣರು ತಮ್ಮ ಕ್ಯಾಪ್ಟನ್ ಅಮೆರಿಕನಿಂದ ಹಿಟ್ಲರನ ದವಡೆಗೆ ಗುದ್ದಿಸಿದರು.

ಆದರೆ ಯುದ್ಧ ಬಂದ ಮೇಲೆ ಇದೇ ಬಗೆಯ ಪುಟಗಳಲ್ಲಿ ಜಪಾನೀಯರಿಗೆ ಕೋರೆಹಲ್ಲು ಮೂಡಿದವು. 1942ರಿಂದ ಜಪಾನಿ ಮೂಲದ ಸುಮಾರು 1,20,000 ಮಂದಿಯನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹುಪಾಲು ಅದೇ ದೇಶದ ಪ್ರಜೆಗಳು, ಮಕ್ಕಳೂ ಇದ್ದರು.

ಹಾಗೆಂದು ಇವನ್ನು ಮೂಲೆಗೆಸೆಯಬೇಕೆ? ಬೇಡ, ಓದಿ ಸಂತೋಷಪಡಿ. ಆದರೆ ನಿಮ್ಮ ಮಕ್ಕಳ ಕೈಗೆ ವೀರಕಥೆ ಕೊಡುವ ಮುನ್ನ ಒಮ್ಮೆ ಶತ್ರುವಿನ ಚಿತ್ರವನ್ನೂ ನೋಡಿ. ಅದು ಮನುಷ್ಯನ ಮುಖವೇ?