ಔಷಧಿ ಹೊಡೆಯೋ ಮುಂಚೆ ಎಲೆ ತಿರುಗಿಸಿ ನೋಡಿ

ಇವತ್ತು ಬಿಳಿನೊಣದ ಬಗ್ಗೆ ಮಾತಾಡೋಣ. ಕೋಲಾರದ ಕಡೆ ಟೊಮೆಟೊ ಬೆಳೆಯೋರ ಹತ್ತಿರ ನಾನು ಹೆಚ್ಚಾಗಿ ಕೇಳೋ ಮಾತು ಒಂದೇ: "ಮೂರು ಸಲ ಔಷಧಿ ಹೊಡೆದ್ವಿ, ಎಲೆ ಮುಟುರೋದು ನಿಲ್ತಾನೇ ಇಲ್ಲ."

ಯಾಕೆ ನಿಲ್ಲಲ್ಲ? ಎಲೆ ಮುಟುರು ರೋಗ ಬರೋದು ವೈರಸ್‌ನಿಂದ. ರೋಗದ ಗಿಡದ ರಸ ಹೀರಿದ ಬಿಳಿನೊಣ ಪಕ್ಕದ ಗಿಡಕ್ಕೆ ಹಾರಿ ವೈರಸ್ ದಾಟಿಸುತ್ತೆ. ಕೀಟನಾಶಕ ನೊಣವನ್ನ ಕೊಲ್ಲಬಹುದು, ಆದರೆ ಗಿಡದೊಳಗೆ ಸೇರಿದ ವೈರಸ್‌ಗೆ ಮದ್ದಿಲ್ಲ. ಹಾಗಾಗಿ ಸಸಿ ಮಡಿಗೇ ಸಣ್ಣ ಕಣ್ಣಿನ ಪರದೆ ಕಟ್ಟಿ. ನಾಟಿಯಾದ ಮೊದಲ ವಾರಗಳಲ್ಲಿ ಮುಟುರಿದ ಗಿಡ ಕಂಡರೆ ಕಿತ್ತು ಹೂತುಬಿಡಿ. ಹಳದಿ ಅಂಟು ಬಲೆ ನೇತುಹಾಕಿದರೆ ನೊಣ ಎಷ್ಟು ಬರ್ತಿದೆ ಅಂತ ಬೇಗ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಡಬ್ಬಿ ಬದಲಾಗುತ್ತೆ, ಒಳಗಿನ ಗುಂಪು ಬದಲಾಗಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ನಿಯೋನಿಕೊಟಿನಾಯ್ಡ್ ಗುಂಪಿನವು. ಕೀಟದ ನರದಲ್ಲಿ ಒಂದೇ ಜಾಗಕ್ಕೆ ಹೊಡೀತವೆ. ಅದನ್ನ ತಡ್ಕೊಂಡು ಉಳಿದ ನೊಣಗಳೇ ಮುಂದೆ ಮೊಟ್ಟೆ ಇಡ್ತವೆ, ಅವುಗಳ ಸಂತತಿಯೇ ಹೊಲ ತುಂಬುತ್ತೆ. ಅದಕ್ಕೇ "ಬೇರೆ ಗುಂಪಿನದು ಕೊಡಿ" ಅಂತ ಕೇಳಿ. ಉದಾಹರಣೆಗೆ ಸ್ಪೈರೋಮೆಸಿಫೆನ್ ಬೇರೆ ಗುಂಪು, ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ. ಪೈರೆಥ್ರಾಯ್ಡ್ ಪದೇ ಪದೇ ಹೊಡೆದರೆ ಮಾತ್ರ ನೊಣ ತಿನ್ನೋ ಮಿತ್ರಕೀಟಗಳೂ ಸಾಯ್ತವೆ, ಬಿಳಿನೊಣ ಇನ್ನೂ ಹೆಚ್ಚುತ್ತೆ.

ಮೊಟ್ಟೆ, ಮರಿ ಎಲ್ಲಾ ಇರೋದು ಎಲೆಯ ಕೆಳಗೆ. ಮೇಲಿಂದ ಮೇಲೆ ಹೊಡೆದರೆ ದುಡ್ಡು ನೆಲಕ್ಕೆ ಸುರಿದ ಹಾಗೆ. ನಾಜಲ್ ಕೆಳಗಿಂದ ಮೇಲಕ್ಕೆ ತಿರುಗಿಸಿ. ಜೇನು ಹೂವಿನ ಮೇಲಿರೋ ಹೊತ್ತಲ್ಲಿ ಬೇಡ, ಸಂಜೆ ಹೊಡೀರಿ.

ಈಗ ನಿಮ್ಮ ಕೈಲಿರೋ ಫೋನ್ ಕೆಲಸ. ಡಬ್ಬಿ ಮೇಲಿನ ಚೀಟಿ ಅಪ್ಪನ ಕಣ್ಣಿಗೆ ಕಾಣದಷ್ಟು ಸಣ್ಣಕ್ಷರ. ಫೋಟೋ ತೆಗೆದು ಝೂಮ್ ಮಾಡಿ, ಮೂರು ವಿಷಯ ಓದಿ ಹೇಳಿ: ಟೊಮೆಟೊ ಹೆಸರು ಇದೆಯಾ, ಎಕರೆಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು. ತ್ರಿಕೋನದ ಬಣ್ಣವನ್ನೂ ನೋಡಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾವ ಬಣ್ಣವಾದ್ರೂ ಗ್ಲೌಸ್, ಮಾಸ್ಕ್ ಬಿಡಬೇಡಿ.

ಮಂಡಿಯಲ್ಲಿ ರೇಟು ಏರಿದಾಗ ಕಾಯೋದು ಕಷ್ಟ, ಗೊತ್ತು. ಆದರೆ ಆ ಹಣ್ಣು ಯಾವುದೋ ಮಗುವಿನ ತಟ್ಟೆಗೆ ಹೋಗುತ್ತೆ. ಅದರಲ್ಲಿ ನಿಮ್ಮ ಮನೆಯ ಮಗುವೂ ಇರಬಹುದು.

ನಿಮ್ಮ ಹೊಲದ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ.