ಖರಾಬು ಭೂಮಿಯ ಲೆಕ್ಕ ಬರೆಯೋರು ಯಾರು?

ಕಲಬುರಗಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆಯಲ್ಲಿ ಮೂರು ವಿಷಯ. ನಮ್ಮ ಸುತ್ತಲಿನ ಹುಲ್ಲುಗಾವಲು, ಕುರುಚಲು ಕಾಡು, ಕೆರೆಗಳಲ್ಲಿ ಇರೋ ಜೀವಿಗಳನ್ನ ನೋಡೋದು ಹೆಂಗ, ನೋಡಿದ್ದನ್ನ ಬರೆದಿಡೋದು ಹೆಂಗ, ಬರೆದಿಟ್ಟರೆ ಉಪಯೋಗ ಏನು.

"ಕಲಬುರಗಿಯಾಗ ಬಿಸಿಲು, ತೊಗರಿ ಬಿಟ್ರ ಏನದರಿ?" ಅಂತ ಕೇಳೋರು ಬಾಳ ಮಂದಿ. ಏನದ ಅಂತ ಹೇಳ್ತೀನಿ. ಊರ ನಡುವೆ ಅಪ್ಪನ ಕೆರೆ ಅದ. ಚಳಿಗಾಲದ ಬೆಳಗ್ಗೆ ಆರೂವರೆಗೆ ದಂಡೆ ಮೇಲೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಹಣೆ ಮೇಲೆ ಬಿಳಿ ಪಟ್ಟಿ ಇರೋ ನಾಮದ ಕೋಳಿ, ಮುಳುಗಿ ಇನ್ನೊಂದು ಕಡೆ ಏಳೋ ಗುಳುಮುಳುಕ, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳೋ ನೀರುಕಾಗೆ ಕಾಣ್ತಾವ. ಬಕ ಇದ್ದೇ ಇರ್ತದ. ವಾಕಿಂಗ್‌ಗೆ ಬಂದವರು ದಿನಾ ಇವುಗಳ ಪಕ್ಕದಲ್ಲೇ ಹಾದು ಹೋಗ್ತಾರ, ಆದ್ರೆ ಎಷ್ಟಿದ್ದವು ಅಂತ ಬರೆದಿಟ್ಟವರು ಕಡಿಮೆ.

ಊರು ಬಿಟ್ಟು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಡಿ. ಕಪ್ಪು ಎರೆ ಭೂಮಿ ನಿಧಾನಕ್ಕೆ ಕೆಂಪಾಗ್ತದ. ಭೌಗೋಳಿಕ ಸೂಚಕ ಸಿಕ್ಕಿರೋ ಕಮಲಾಪುರದ ಕೆಂಪು ಬಾಳೆ ಬೆಳೆಯೋದು ಇದೇ ಮಣ್ಣಾಗ. ಗುಡ್ಡದ ಇಳಿಜಾರಿನಾಗ ಮುತ್ತುಗ, ಜಾಲಿ, ಬಾರಿ ಗಿಡ. ನಡುನಡುವೆ ಮೊಣಕಾಲೆತ್ತರದ ಹುಲ್ಲಿನ ಬಯಲು, ಅದೇ ನಮ್ಮ ಗಾಯರಾಣ. ಪಹಣಿಯಲ್ಲಿ ಇಂಥ ಎಷ್ಟೋ ಜಾಗದ ಮುಂದೆ ಬರೆದಿರೋದು ಒಂದೇ ಶಬ್ದ: ಖರಾಬು.

ಇವತ್ತಿನ ಮಾತು ಇರೋದೇ ಆ ಶಬ್ದದ ಮೇಲೆ. ನಾನು ಓದಿದ್ದು ಬಿ.ಕಾಂ. ಪುಸ್ತಕದಲ್ಲಿ ನಮೂದಾಗದ ಆಸ್ತಿಯನ್ನ ಯಾರೂ ಆಸ್ತಿ ಅನ್ನೋದಿಲ್ಲ ಅಂತ ನಮಗೆ ಕಲಿಸ್ತಾರ. ಹುಲ್ಲುಗಾವಲಿನ ಕಥೆನೂ ಅಷ್ಟೇ. ಕಾಗದದಲ್ಲಿ ಖರಾಬು ಅಂತಿದ್ರೆ ಅಲ್ಲಿ ಸೋಲಾರ್ ಫಲಕ ಹಾಕಬಹುದು, ಕಸ ಸುರೀಬಹುದು, ಸಾಲಾಗಿ ಸಸಿ ನೆಡಬಹುದು. ಕಳಕೊಂಡದ್ದು ಏನು ಅಂತ ಕೇಳಿದ್ರೆ ತೋರಿಸೋಕೆ ಪಟ್ಟಿ ಇರೋದಿಲ್ಲ.

ಸಸಿ ನೆಡೋದೂ ತಪ್ಪೇನು ಅಂತ ನೀವು ಕೇಳಬಹುದು. ಊರಾಗ, ರಸ್ತೆ ಬದಿಗೆ, ಹೊಲದ ಬದುವಿಗೆ ನೆಡ್ರಿ, ಬಾಳ ಛಲೋ. ಆದ್ರೆ ನೆಲಗುಬ್ಬಿ, ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡ್ತಾವ. ದೂರದವರೆಗೆ ಬಯಲು ಕಾಣಬೇಕು, ಆಗ ಶತ್ರು ಬರೋದು ಗೊತ್ತಾಗ್ತದ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರೋ ಹ್ಯಾರಿಯರ್ ಹದ್ದುಗಳು, ಹಕ್ಕಿಪುಸ್ತಕಗಳು ಸೆಳೆವ ಅಂತ ಕರೆಯೋವು, ರಾತ್ರಿ ಗುಂಪಾಗಿ ಹುಲ್ಲಿನ ನಡುವೆ ನೆಲದ ಮೇಲೇ ಮಲಗ್ತಾವ. ಚಿಗರಿ, ತೋಳಕ್ಕೂ ತೆರೆದ ಬಯಲೇ ಬೇಕು. ಅಲ್ಲಿ ದಟ್ಟವಾಗಿ ಮರ ಬೆಳೆಸೋದು ಅಂದ್ರೆ ಅವುಗಳ ಮನೆ ಕೆಡವಿದಂಗ. ಕುರಿ ಮೇಯಿಸೋರಿಗೂ ಹುಲ್ಲು ಹೋಗ್ತದ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. 2023ರ ಆಗಸ್ಟ್‌ನಲ್ಲಿ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಬಂತು. ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿ ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಅಂತ ಹೇಳಿದ ವರದಿ ಅದು. ಹೆಚ್ಚು ಇಳಿಮುಖವಾದ ಗುಂಪುಗಳಲ್ಲಿ ಹುಲ್ಲುಗಾವಲಿನ ಹಕ್ಕಿಗಳೂ ಸೇರಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಕಡಿಮೆಯಾಗ್ತಿದೆ. ಅದರ ಅಪಾಯದ ಮಟ್ಟವನ್ನ ಮತ್ತೆ ಪರಿಶೀಲಿಸಬೇಕು ಅಂತ ವರದಿ ಶಿಫಾರಸು ಮಾಡಿದೆ. ಪಕ್ಕದ ತೆಲಂಗಾಣದಲ್ಲಿ ಇದೇ ಹಕ್ಕಿ ಪಾಲಪಿಟ್ಟ. ದಸರಾ ದಿನ ಕಂಡ್ರೆ ಶುಭ ಅಂತಾರ. ಈ ಎರಡೂ ರಾಜ್ಯಗಳ ರಾಜ್ಯಪಕ್ಷಿ, ಈಗ ಕರೆಂಟ್ ತಂತಿ ಮೇಲೆ ಹುಡುಕಿ ನೋಡಬೇಕು.

ಈ ವರದಿಗೆ ಅಂಕಿ ಕೊಟ್ಟವರು ಯಾರು ಗೊತ್ತೇನ್ರಿ? ಸುಮಾರು 30 ಸಾವಿರ ಹಕ್ಕಿ ವೀಕ್ಷಕರು, 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ನನ್ನಂಥ, ನಿಮ್ಮಂಥ ಮಂದಿ. ಆದ್ರೆ ಬೆಂಗಳೂರು, ಮೈಸೂರು ಸುತ್ತ ಬಿದ್ದಷ್ಟು ಪಟ್ಟಿ ನಮ್ಮ ಕಡೆಯಿಂದ ಬಿದ್ದಿಲ್ಲ. ಇಲ್ಲಿ ಹಕ್ಕಿ ಅದಾವ, ಬರೆಯೋರು ಸಾಲದು.

ಹಂಗಾದ್ರೆ ಬರೆಯೋದು ಹೆಂಗ? ಮೊದಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ. ದಿನಕ್ಕೊಂದು ಕಡೆ ಅಲೆಯೋದಕ್ಕಿಂತ ಒಂದೇ ಕೆರೆ, ಒಂದೇ ಬಯಲನ್ನ ವಾರಕ್ಕೊಮ್ಮೆ ನೋಡೋದು ಹೆಚ್ಚು ಉಪಯೋಗ. ನಾನು ಮೂರು ಜಾಗ ಇಟ್ಟುಕೊಂಡೀನಿ: ಅಪ್ಪನ ಕೆರೆ, ಕಮಲಾಪುರದ ಹತ್ತಿರ ಒಂದು ಗಾಯರಾಣ, ಅದರ ಪಕ್ಕದ ಕುರುಚಲು ಗುಡ್ಡ. ನಮ್ಮ ಬಿಸಿಲಿಗೆ ಎಂಟೂವರೆ ಆದ್ರೆ ಮುಗೀತು, ಹಕ್ಕಿನೂ ನೆರಳಿಗೆ, ನಾವೂ ನೆರಳಿಗೆ.

ಬರೆಯಬೇಕಾದ್ದು ದಿನಾಂಕ, ಶುರುವಾದ ಸಮಯ, ಎಷ್ಟು ನಿಮಿಷ, ಎಷ್ಟು ದೂರ ನಡೆದ್ರಿ, ಯಾವುದು ಎಷ್ಟು, ಏನು ಮಾಡ್ತಿತ್ತು. 'ಬಾಳ ಇದ್ದವು' ಅಂತ ಬರೀಬೇಡಿ, ಅಂದಾಜಿಗಾದ್ರೂ ಒಂದು ಸಂಖ್ಯೆ ಹಾಕಿ. ಈಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಕಳಿಸುವಾಗ ಒಂದು ಪ್ರಶ್ನೆ ಬರ್ತದ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅನ್ನುವಂಥ ಪಟ್ಟಿಗೇ ಬೆಲೆ ಹೆಚ್ಚು. ಯಾಕಂದ್ರೆ ಆಗ ಕಾಣದ್ದೂ ಲೆಕ್ಕಕ್ಕೆ ಬರ್ತದ. ಐವತ್ತು ಪಟ್ಟಿಯಲ್ಲಿ ನೀಲಕಂಠ ಇದ್ದು, ಮುಂದಿನ ಐವತ್ತರಲ್ಲಿ ಇಲ್ಲ ಅಂದ್ರೆ ಅದೇ ಸುದ್ದಿ. ಅಪರೂಪದ್ದು ಕಂಡ್ರೆ ಮಾತ್ರ ಬರೀತೀನಿ ಅಂದ್ರೆ ಈ ಸುದ್ದಿ ಸಿಗೋದಿಲ್ಲ. ಕಾಗೆ, ಗುಬ್ಬಿ, ಪಾರಿವಾಳನೂ ಬರೀರಿ.

ಹಕ್ಕಿ ಅಲ್ಲದ್ದಕ್ಕೆ ಐನ್ಯಾಚುರಲಿಸ್ಟ್ ಅದ. ಚಿಟ್ಟೆ, ಹಲ್ಲಿ, ಹುಲ್ಲಿನ ಹೂವು, ಏನೇ ಇರಲಿ, ಫೋಟೋ ಹಾಕಿ. ಗೊತ್ತಿದ್ದವರು ಹೆಸರು ಹೇಳ್ತಾರ. ದನಿನೂ ಹಾಕಬಹುದು. ಮಿರಗ ಮಳೆ ಬಿದ್ದ ರಾತ್ರಿ ಹೊಂಡದ ದಂಡೆಗೆ ನಿಂತು ಫೋನ್‌ನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ನೋಡ್ರಿ. ವರ್ಷವೆಲ್ಲ ಮಣ್ಣಿನ ಬಣ್ಣಕ್ಕಿರೋ ಗೂಳಿಗಪ್ಪೆಯ ಗಂಡು ಆ ದಿನಗಳಲ್ಲಿ ಅರಿಸಿನ ಬಳಿದಂಗ ಹಳದಿ ಆಗ್ತದ, ಎರಡೂ ಗಲ್ಲ ನೀಲಿಯಾಗಿ ಉಬ್ಬತಾವ. ಆಫ್ರಿಕಾದಿಂದ ಚಾತಕ ಬರೋದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೊದಲು ಕಂಡ ತಾರೀಖು ಬರೆದಿಡಿ. ಹತ್ತು ವರ್ಷ ಆದ ಮೇಲೆ ಆ ತಾರೀಖುಗಳೇ ಮಾತಾಡ್ತಾವ.

ಒಂದಿಷ್ಟು ಶಿಸ್ತು ಬೇಕು. ಗೂಡಿನ ಹತ್ತಿರ ಹೋಗಬೇಡಿ. ನೆಲದ ಮೇಲಿನ ಮೊಟ್ಟೆ ಕಾಲಿಗೆ ಸಿಗ್ತಾವ. ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನ ಕರೀಬೇಡಿ. ಗೂಬೆ ಇರೋ ಮರ, ತೋಳದ ಗುಹೆಯ ಜಾಗವನ್ನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಲೇಬೇಡಿ. ಮತ್ತೆ ಕುರಿಗಾಹಿಗಳನ್ನ ಮಾತಾಡಿಸಿ. "ಅಣ್ಣಾ, ಈ ಸಲ ತೋಳ ಕಂಡೇನ್ರಿ?" ಅಂತ ಕೇಳಿದ್ರೆ, ಯಾವ ಹಳ್ಳದ ದಂಡೆಗೆ, ಎಷ್ಟು ಮರಿ ಅಂತ ಹೇಳೋರು ಅವರೇ. ಅದನ್ನ ಅವರ ಒಪ್ಪಿಗೆ ಕೇಳಿ ಬರಕೊಳ್ಳಿ.

ಕೊನೆಗೆ, ಈ ಪಟ್ಟಿ ಒಯ್ದು ಎಲ್ಲಿ ಕೊಡೋದು? 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿ, ಜನರ ತಿಳಿವಳಿಕೆ ಎಲ್ಲವನ್ನೂ ಬರೆಯೋ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸೋದು ಆ ಸಮಿತಿಯ ಕೆಲಸ. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ, ಆ ಪುಸ್ತಕ ತೋರಿಸ್ರಿ ಅಂತ ಕೇಳಿ. ಇದ್ರೆ ನಿಮ್ಮ ಪಟ್ಟಿ ಸೇರಿಸಲು ಅರ್ಜಿ ಕೊಡಿ. ಇಲ್ಲಾಂದ್ರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಪಹಣಿಯಲ್ಲಿ ಖರಾಬು ಅಂತಿರೋ ಜಾಗದ ಬಗ್ಗೆ ಇನ್ನೊಂದು ಸರ್ಕಾರಿ ಪುಸ್ತಕದಲ್ಲಿ ನಲವತ್ತು ಹಕ್ಕಿಗಳ ಹೆಸರು ಕೂತರೆ, ನಾಳೆ ಅಲ್ಲಿ ಜೆಸಿಬಿ ಬಂದಾಗ ಕೇಳೋಕೆ ಒಂದು ಆಧಾರ ಇರ್ತದ.

ಇದರಿಂದ ಏನಾದ್ರೂ ಆಗ್ತದೇನು? ಬೆಂಗಳೂರು ಹತ್ತಿರದ ಹೆಸರಘಟ್ಟ ನೋಡಿ. ಅಲ್ಲಿನ ಹುಲ್ಲುಗಾವಲನ್ನ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವವನ್ನ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತ್ತು. ಹಕ್ಕಿ ವೀಕ್ಷಕರು ವರ್ಷಗಟ್ಟಲೆ ಕೂಡಿಟ್ಟ ಪಟ್ಟಿಗಳು ಹೋರಾಟದವರ ಕೈಯಲ್ಲಿದ್ದವು. 2024ರಲ್ಲಿ ಅದೇ ಮಂಡಳಿ ಐದು ಸಾವಿರ ಎಕರೆಗೂ ಹೆಚ್ಚಿನ ಪ್ರದೇಶಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಜಿಲ್ಲೆಯಲ್ಲೂ ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮ ಆಯಿತು. ಆದ್ರೆ ಅದರ ಗಡಿಯಿಂದ ಹೊರಗಿರೋ ಕಮಲಾಪುರದ ಬಯಲಿಗೆ ಬೋರ್ಡೂ ಇಲ್ಲ, ಬೇಲಿನೂ ಇಲ್ಲ. ಅದಕ್ಕೆ ಸದ್ಯಕ್ಕೆ ಇರೋದು ನಾವು ಬರೆಯೋ ಪಟ್ಟಿ ಮಾತ್ರ.

ಈ ಭಾನುವಾರ ಹದಿನೈದು ನಿಮಿಷ ತೆಗೀರಿ. ಮನೆ ಹತ್ತಿರದ ಒಂದು ಕೆರೆ ಅಥವಾ ಬಯಲು, ಒಂದು ನೋಟ್‌ಬುಕ್, ಒಂದು ಪೆನ್ನು. ಹೆಸರು ಗೊತ್ತಾಗದಿದ್ರೆ ಬಣ್ಣ, ಗಾತ್ರ, ಕೂಗು ಬರೆದು ನನಗೆ ಕಳಿಸಿ, ಕೂಡಿ ಹುಡುಕೋಣು. ಮುಂದಿನ ವಾರ ಸಿಗ್ತೀನಿ.