ಆನರ್ಸ್ ಪದವಿ: ನಾಲ್ಕನೆಯ ವರ್ಷದ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದೇನು? ವೈದ್ಯಕೀಯ, ಇಂಜಿನಿಯರಿಂಗ್ ಸೀಟು ಸಿಕ್ಕವರ ದಾರಿ ಸ್ಪಷ್ಟ. ಉಳಿದವರು ಬಿ.ಎ., ಬಿ.ಎಸ್ಸಿ., ಬಿ.ಕಾಂ. ಸೇರುತ್ತಾರೆ. ‘ಏನೂ ಸಿಗಲಿಲ್ಲ, ಅದಕ್ಕೆ ಡಿಗ್ರಿಗೆ ಹಾಕಿದೆವು’ ಎಂದು ಪಾಲಕರು ಸಂಕೋಚದಿಂದ ಹೇಳುತ್ತಾರೆ. ಈ ಸಂಕೋಚ ಬೇಡ. ಪದವಿಯನ್ನು ಸರಿಯಾಗಿ ಓದಿದರೆ ಅದು ಯಾವ ಕೋರ್ಸಿಗೂ ಕಡಿಮೆಯಲ್ಲ. ಸರಿಯಾಗಿ ಓದುವ ಒಂದು ಕ್ರಮಕ್ಕೆ ಆನರ್ಸ್ ಎಂದು ಹೆಸರು. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಮೊದಲು ನಮ್ಮ ಸ್ಥಿತಿಯನ್ನು ನೋಡೋಣ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ನ್ನೂ ಮುಟ್ಟಲಿಲ್ಲ. ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನ ನಮ್ಮದಾಗಿತ್ತು. 2006ರಲ್ಲಿ ಬಂದ ನ್ಯಾಯಮೂರ್ತಿ ಸಾಚಾರ್ ಸಮಿತಿಯ ವರದಿ ಇನ್ನೊಂದು ಸಂಗತಿಯನ್ನು ತಿಳಿಸಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಅದು ಹೇಳಿತು. ಅಂದರೆ ಮೆಟ್ಟಿಲು ಏರಿದಂತೆಲ್ಲ ನಮ್ಮವರ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂಬ ಅರಿವು ಈಗ ನಮ್ಮಲ್ಲಿ ಬಂದಿದೆ. ಮೇಲಿನ ಮೆಟ್ಟಿಲುಗಳ ಅರಿವು ಇನ್ನೂ ಬರಬೇಕಾಗಿದೆ.

ಆನರ್ಸ್ ಎಂದರೇನು? ಸಾಮಾನ್ಯ ಪದವಿಯಲ್ಲಿ ಎರಡು ಮೂರು ವಿಷಯಗಳನ್ನು ಸಮವಾಗಿ ಓದುತ್ತೇವೆ. ಆನರ್ಸ್‌ನಲ್ಲಿ ಒಂದು ವಿಷಯವನ್ನು ಆರಿಸಿಕೊಂಡು ಅದರ ಆಳಕ್ಕೆ ಇಳಿಯುತ್ತೇವೆ. 2022ರ ಡಿಸೆಂಬರ್‌ನಲ್ಲಿ ಯು.ಜಿ.ಸಿ. ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್ ಬೇಕು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಳ್ಳಬಹುದು. ಆಗ ಒಬ್ಬ ಮಾರ್ಗದರ್ಶಕರ ಕೈಕೆಳಗೆ 12 ಕ್ರೆಡಿಟ್‌ನ ಪ್ರಬಂಧವನ್ನು ಬರೆಯಬೇಕಾಗುತ್ತದೆ.

ನಮ್ಮ ರಾಜ್ಯದಲ್ಲಿ ಈ ವ್ಯವಸ್ಥೆ 2021-22ರಲ್ಲಿ ಆರಂಭವಾಯಿತು. 2024ರ ಮೇ ತಿಂಗಳಲ್ಲಿ ಸರ್ಕಾರವು ಪ್ರೊ. ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇರೆಗೆ ಆದೇಶ ಹೊರಡಿಸಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿಯನ್ನು ಜಾರಿಗೆ ತಂದಿತು. ಈ ನಡುವಿನ ಮೂರು ವರ್ಷಗಳಲ್ಲಿ ಸೇರಿದವರಿಗೆ ನಾಲ್ಕನೆಯ ವರ್ಷ ಓದುವ ಅವಕಾಶವನ್ನು ಉಳಿಸಲಾಯಿತು. 2023-24ರಲ್ಲಿ ಸೇರಿದವರಿಗೆ ಆ ವರ್ಷ 2026-27ರಲ್ಲಿ ಬರುತ್ತದೆ. ನಂತರ ಸೇರಿದವರು ಆನರ್ಸ್ ಓದಬೇಕೆಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಡೆಗೋ, ಆನರ್ಸ್ ನಡೆಸುವ ಖಾಸಗಿ ವಿಶ್ವವಿದ್ಯಾಲಯಗಳ ಕಡೆಗೋ ನೋಡಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ಕುಟುಂಬದ ಆದಾಯವನ್ನು ನೋಡಿ ಶುಲ್ಕದಲ್ಲಿ ನೆರವು ನೀಡುವ ಪದ್ಧತಿಯೂ ಅಲ್ಲಿದೆ. ಅದೇ ಹೆಸರಿನ ಪ್ರತಿಷ್ಠಾನ ಸುರಪುರ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ್ದು ಇಲ್ಲಿಯ ಶಿಕ್ಷಕರಿಗೆಲ್ಲ ಗೊತ್ತಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಸಿ.ಯು.ಇ.ಟಿ. ಪರೀಕ್ಷೆ ಇದೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು, ಉರ್ದುವಿನಲ್ಲಿಯೂ ಬರೆಯಬಹುದು. ಈ ಒಂದು ವಿಷಯ ಗೊತ್ತಿಲ್ಲದೆ ಅರ್ಜಿ ಹಾಕದೆ ಉಳಿಯುವ ಜಾಣ ಮಕ್ಕಳು ನಮ್ಮಲ್ಲಿದ್ದಾರೆ.

ಈಗ ಪಾಲಕರ ಪ್ರಶ್ನೆಗೆ ಬರುತ್ತೇನೆ. ‘ಮೂರು ವರ್ಷಕ್ಕೆ ಮುಗಿಯುವುದನ್ನು ನಾಲ್ಕು ವರ್ಷ ಏಕೆ ಓದಿಸಬೇಕು? ಮಗ ದುಡಿಯಲು ಹೋಗುವುದು ಯಾವಾಗ? ಮಗಳ ಮದುವೆ ಯಾವಾಗ?’ ಈ ಪ್ರಶ್ನೆ ನ್ಯಾಯವಾದದ್ದು. ಗಾಡಿ ತಳ್ಳುವವರಿಗೆ, ಗ್ಯಾರೇಜಿನಲ್ಲಿ ದುಡಿಯುವವರಿಗೆ, ಹೊಲಿಗೆ ಯಂತ್ರದ ಮೇಲೆ ಮನೆ ನಡೆಸುವ ತಾಯಂದಿರಿಗೆ ಒಂದು ವರ್ಷ ಎಂದರೆ ಸಣ್ಣ ಮಾತಲ್ಲ. ಆದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ಸಾಮಾನ್ಯ ದಾರಿಯಲ್ಲಿ ಪದವಿ ಮೂರು ವರ್ಷ, ಎಂ.ಎ. ಅಥವಾ ಎಂ.ಎಸ್ಸಿ. ಎರಡು ವರ್ಷ, ಒಟ್ಟು ಐದು. ಆನರ್ಸ್ ದಾರಿಯಲ್ಲಿ ಪದವಿ ನಾಲ್ಕು ವರ್ಷ, ಸ್ನಾತಕೋತ್ತರ ಒಂದು ವರ್ಷ; ಒಟ್ಟು ಐದು. ಇಂತಹ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಯು.ಜಿ.ಸಿ. 2024ರ ಚೌಕಟ್ಟಿನಲ್ಲಿ ಅವಕಾಶವಿದೆ. ಸೇರಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ ಅದು ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು, ಅಷ್ಟೆ. ಆದ್ದರಿಂದ ಸ್ನಾತಕೋತ್ತರದವರೆಗೆ ಓದುವ ಮನಸ್ಸಿರುವವರಿಗೆ ಆನರ್ಸ್‌ನಿಂದ ವರ್ಷ ಹೆಚ್ಚಾಗುವುದಿಲ್ಲ.

ಪದವಿಯ ನಂತರ ಪಿ.ಡಿ.ಓ., ಎಫ್.ಡಿ.ಎ., ಕೆ.ಎ.ಎಸ್. ಪರೀಕ್ಷೆಗಳನ್ನು ಬರೆಯಬೇಕೆಂದಿರುವವರಿಗೆ ಮೂರು ವರ್ಷದ ಪದವಿಯೇ ಸಾಕು. ಅಂಥವರು ನಾಲ್ಕನೆಯ ವರ್ಷಕ್ಕೆ ಹಣ ಹಾಕುವ ಅಗತ್ಯವಿಲ್ಲ. ಆ ವರ್ಷವನ್ನು ಪರೀಕ್ಷೆಯ ತಯಾರಿಗೆ ಕೊಡಲಿ. ಎಲ್ಲರೂ ಆನರ್ಸ್ ಮಾಡಿ ಎಂದು ನಾನು ಹೇಳುತ್ತಿಲ್ಲ. ಯಾರಿಗೆ ಅದು ಲಾಭ ಎಂಬುದನ್ನು ತಿಳಿದು ಸೇರಿ ಎಂದು ಹೇಳುತ್ತಿದ್ದೇನೆ.

ಲಾಭ ಇರುವುದು ಉಪನ್ಯಾಸಕರಾಗಬೇಕು, ವಿಜ್ಞಾನಿಗಳಾಗಬೇಕು, ಸಂಶೋಧನೆ ಮಾಡಬೇಕು ಎನ್ನುವವರಿಗೆ. 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಎ. ಇಲ್ಲದೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. 2024ರಿಂದ ಇಂಥವರಿಗೆ ನೆಟ್ ಪರೀಕ್ಷೆಯ ಬಾಗಿಲೂ ತೆರೆದಿದೆ. ಅದರಲ್ಲಿ ಜೆ.ಆರ್.ಎಫ್. ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮಾತ್ರ ಇದೊಂದೇ ಸಾಲದು ಎಂಬುದೂ ನೆನಪಿರಲಿ. ಅಲ್ಪಸಂಖ್ಯಾತ ಸಂಶೋಧಕರಿಗಾಗಿ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಹಾಗಾಗಿ ಬಡ ಮನೆಯ ಮಗುವಿಗೆ ಸಂಶೋಧನೆ ಮಾಡುತ್ತಲೇ ಮನೆಗೆ ನಾಲ್ಕು ಕಾಸು ಕಳುಹಿಸಲು ಜೆ.ಆರ್.ಎಫ್. ಎಂಬ ದಾರಿ ಈಗ ಬಹಳ ಮುಖ್ಯವಾಗಿದೆ.

ವಿದ್ಯಾರ್ಥಿಗಳೆ, ಅಂಕಪಟ್ಟಿಗಿಂತ ದೊಡ್ಡದಾದ ಇನ್ನೊಂದು ಲಾಭವಿದೆ. ನಾವು ಚಿಕ್ಕಂದಿನಿಂದ ಗೈಡು ಓದಿ, ನೋಟ್ಸ್ ಉರು ಹೊಡೆದು ಪರೀಕ್ಷೆ ಬರೆಯುತ್ತ ಬಂದಿದ್ದೇವೆ. ಬೇರೆಯವರು ಕಂಡುಹಿಡಿದದ್ದನ್ನು ಬರೆದು ಅಂಕ ಪಡೆಯುತ್ತೇವೆ. ಆನರ್ಸ್ ಪ್ರಬಂಧ ಬರೆಯುವಾಗ ಮೊದಲ ಬಾರಿಗೆ ಪ್ರಶ್ನೆಯೂ ನಿಮ್ಮದು, ಉತ್ತರವೂ ನಿಮ್ಮದು. ಗ್ರಂಥಾಲಯದಲ್ಲಿ ಹುಡುಕಬೇಕು, ಊರೂರು ತಿರುಗಿ ಮಾಹಿತಿ ಕೂಡಿಸಬೇಕು, ಹತ್ತು ಜನರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕು. ಈ ಅಭ್ಯಾಸ ಆದವರು ಸಂದರ್ಶನದಲ್ಲಿ ತಡವರಿಸುವುದಿಲ್ಲ.

ಪ್ರಶ್ನೆಗಳಿಗಾಗಿ ದೂರ ಹೋಗಬೇಕಾಗಿಲ್ಲ. ಯಾದಗಿರಿ, ಶಹಾಪುರ, ಸುರಪುರ ಎಂಬ ನಮ್ಮ ಮೂರು ಊರುಗಳ ಸುತ್ತಲೇ ಅವು ಬಿದ್ದಿವೆ. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜಿಸಲಾದ ಆದಿಮಾನವನ ಕಲ್ಲಿನ ಆಯುಧಗಳ ನೆಲೆ ಸಿಕ್ಕಿದೆ. ಅದನ್ನು ಅಗೆದು ಜಗತ್ತಿಗೆ ತಿಳಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು. ಅದಕ್ಕೂ ಮೊದಲು, 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಇಲ್ಲಿಯ ಬೃಹತ್ ಶಿಲಾ ಸಮಾಧಿಗಳ ಮೇಲೆ ಲೇಖನ ಬರೆದ. ಪುಣೆಯವರು, ಇಂಗ್ಲೆಂಡಿನವರು ನಮ್ಮ ನೆಲವನ್ನು ಓದಿದರು. ಅದೇ ನೆಲದಲ್ಲಿ ಹುಟ್ಟಿದ ನಾವು ಓದುವುದು ಯಾವಾಗ?

ನಾರಾಯಣಪುರ ಜಲಾಶಯದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ ಬಂತು. ಜೊತೆಗೆ ಕೆಲವು ಕಡೆ ನೀರು ನಿಂತು ಭೂಮಿ ಸವಳಾಯಿತು. ಇದು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ವಿಷಯ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬಯಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ಓದು ಏನಾಗುತ್ತದೆ? ಇದು ಅರ್ಥಶಾಸ್ತ್ರ, ಸಮಾಜಶಾಸ್ತ್ರದ ವಿದ್ಯಾರ್ಥಿಗೆ ವಿಷಯ.

ಉರ್ದು ಶಾಲೆಯಲ್ಲಿ ಓದಿ ಬಂದ ಮಕ್ಕಳಿಗೆ ಒಂದು ವಿಶೇಷ ಮಾತು. ನಿಮಗೆ ಇಂಗ್ಲಿಷ್ ಕಡಿಮೆ ಬರುತ್ತದೆಂದು ಕೀಳರಿಮೆ ಬೇಡ. 1948ರವರೆಗೆ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಸರ್ಕಾರಿ ಭಾಷೆ ಉರ್ದುವಾಗಿತ್ತು. ಆ ಕಾಲದ ಕಂದಾಯದ ಕಾಗದಗಳು, ಆಡಳಿತದ ದಾಖಲೆಗಳು ಉರ್ದುವಿನಲ್ಲಿವೆ. ಅವುಗಳನ್ನು ಓದಿ ಕನ್ನಡದಲ್ಲಿ ಬರೆಯಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಎರಡೂ ಭಾಷೆ ಬಲ್ಲ ನೀವು ಇತಿಹಾಸದ ಆನರ್ಸ್ ಮಾಡಿದರೆ ಬೇರೆಯವರಿಗೆ ಆಗದ ಕೆಲಸ ನಿಮ್ಮಿಂದ ಆಗುತ್ತದೆ. ಹಾಗೆಂದು ಇಂಗ್ಲಿಷ್ ಬಿಡಬೇಡಿ. ಆನರ್ಸ್ ಪುಸ್ತಕಗಳು ಹೆಚ್ಚಾಗಿ ಆ ಭಾಷೆಯಲ್ಲಿಯೇ ಇವೆ. ದಿನಕ್ಕೆ ಒಂದು ಪುಟ ಓದುವುದನ್ನು ಇಂದೇ ಆರಂಭಿಸಿ.

ಊರು ಬಿಟ್ಟು ಹೋಗಲು ಆಗದವರು, ವಿಶೇಷವಾಗಿ ಹೆಣ್ಣುಮಕ್ಕಳು, ನಿರಾಶರಾಗಬಾರದು. ನಮ್ಮ ಮೂರೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮೂರು ವರ್ಷದ ಪದವಿಯಲ್ಲಿಯೂ ಆನರ್ಸ್‌ನಂತೆ ಓದಬಹುದು. ಒಂದು ವಿಷಯವನ್ನು ನಿಮ್ಮದಾಗಿಸಿಕೊಳ್ಳಿ. ಒಬ್ಬ ಅಧ್ಯಾಪಕರನ್ನು ಹಿಡಿದು ವರ್ಷಕ್ಕೆ ಒಂದು ಪ್ರಬಂಧ ಬರೆಯಿರಿ. ಐದಾರು ಜನ ಸೇರಿ ವಾರಕ್ಕೊಮ್ಮೆ ಓದಿದ್ದನ್ನು ಚರ್ಚಿಸಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ತಾಯಂದಿರಿಗೂ ಒಂದು ಬಿನ್ನಹ. 2011ರಲ್ಲಿ ನಮ್ಮ ಜಿಲ್ಲೆಯ ನೂರು ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಸುಮಾರು 41 ಮಾತ್ರ. ಅಂತಹ ನಾಡಿನಲ್ಲಿ ನಿಮ್ಮ ಮಗಳು ಪದವಿಯವರೆಗೆ ಬಂದಿದ್ದಾಳೆ. ಜಾಣೆಯಾದ ಆ ಮಗಳನ್ನು ಕೊನೆಯ ಒಂದು ವರ್ಷಕ್ಕಾಗಿ ನಿಲ್ಲಿಸಬೇಡಿ.

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಮೂರು ವಿನಂತಿಗಳು. ಒಂದು, ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲೇ ಮೂರೂ ಊರುಗಳಲ್ಲಿ ಮಾಹಿತಿ ಶಿಬಿರ ನಡೆಸಬೇಕು, ಸಿ.ಯು.ಇ.ಟಿ. ಅರ್ಜಿಯ ಕೊನೆಯ ದಿನ ಫಲಿತಾಂಶಕ್ಕಿಂತ ಮುಂಚೆಯೇ ಮುಗಿದಿರುತ್ತದೆ. ಎರಡು, ಬಡ ಮಕ್ಕಳ ಅರ್ಜಿ ಶುಲ್ಕ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರುವ ಖರ್ಚನ್ನು ಸಂಘ ಭರಿಸಬೇಕು. ಮೂರು, ನಾಲ್ಕನೆಯ ವರ್ಷ ಓದುವವರಿಗೆ ಒಂದು ಸಣ್ಣ ನಿಧಿ ಮಾಡಬೇಕು. ನಾವು ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಅದು ಒಳ್ಳೆಯದೇ. ಆದರೆ ಅದೇ ಮಗು ಆರು ವರ್ಷದ ನಂತರ ಎಲ್ಲಿದೆ ಎಂದು ವಿಚಾರಿಸುವುದು ಅದಕ್ಕಿಂತ ಒಳ್ಳೆಯದು.

ಐವತ್ತರಲ್ಲಿ ಒಬ್ಬ ಎಂಬ ಸಾಚಾರ್ ವರದಿಯ ಲೆಕ್ಕವನ್ನು ಬದಲಿಸುವವರು ದೆಹಲಿಯಿಂದ ಬರುವುದಿಲ್ಲ. ಈ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕುಳಿತಿರುವ ನೀವೇ ಅದನ್ನು ಬದಲಿಸಬೇಕು. ನಿಮಗೆ ಅಲ್ಲಾಹನು ಜ್ಞಾನವನ್ನೂ ಧೈರ್ಯವನ್ನೂ ಕೊಡಲಿ.